ಒಂಬತ್ತಕ್ಕೆ ಒಂಬತ್ತು ಗೆದ್ದರೂ ಆಹ್ವಾನ ಬರಲಿಲ್ಲ

ಐಪಿಎಲ್‌ನಲ್ಲಿ ಒಂದು ತಂಡ ಲೀಗ್ ಹಂತದ ಎಲ್ಲಾ ಪಂದ್ಯ ಗೆದ್ದಿದೆ ಅಂದುಕೊಳ್ಳಿ. ಆದರೆ ಪ್ಲೇಆಫ್‌ಗೆ ಯಾರನ್ನು ಕರೆಯಬೇಕು ಅನ್ನೋದನ್ನ ಪಾಯಿಂಟ್ಸ್ ಟೇಬಲ್ ಹೇಳಲ್ಲ, ನಾಲ್ಕು ಜನ ಕೂತು ತೀರ್ಮಾನ ಮಾಡ್ತಾರೆ ಅಂದ್ರೆ?

1951ರಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್ ಹೆಚ್ಚುಕಡಿಮೆ ಹೀಗೇ ನಡೆಯುತ್ತಿತ್ತು. (ಮೆಸ್ಸಿ ಆಡೋ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕ್ಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ.) ಸೀಸನ್ ಮುಗಿದ ಮೇಲೆ ಹೊಸ ವರ್ಷದ ಹೊತ್ತಿಗೆ ‘ಬೌಲ್’ ಪಂದ್ಯಗಳು. ದುಡ್ಡು, ಹೆಸರು ಎರಡೂ ಅಲ್ಲೇ. ಬಹುತೇಕ ಬೌಲ್‌ಗಳಿಗೆ ತಂಡಗಳನ್ನು ಆರಿಸುತ್ತಿದ್ದುದು ಆಯಾ ಊರಿನ ಸಂಘಟಕರು.

ಆ ವರ್ಷ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ‘ಡಾನ್ಸ್’ ತಂಡ ಆಡಿದ ಒಂಬತ್ತೂ ಪಂದ್ಯ ಗೆದ್ದಿತು. ಜೆಸ್ಯೂಟ್ ಪಾದ್ರಿಗಳು ನಡೆಸುವ ಸಣ್ಣ ಕಾಲೇಜು. ಫುಟ್‌ಬಾಲ್ ವಿಭಾಗ ಸಾಲದಲ್ಲಿತ್ತು. ಒಂದು ಬೌಲ್ ಸಿಕ್ಕಿದ್ದರೆ ಉಸಿರಾಡಬಹುದಿತ್ತು.

ತಂಡದಲ್ಲಿ ಇಬ್ಬರು ಕಪ್ಪು ಆಟಗಾರರಿದ್ದರು: ಆಲಿ ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್. ಚೆಂಡು ಹಿಡಿದು ಓಡುವುದರಲ್ಲಿ ಆ ವರ್ಷ ಇಡೀ ದೇಶಕ್ಕೇ ಮ್ಯಾಟ್ಸನ್ ಮೊದಲಿಗ. ಆದರೆ ಮಯಾಮಿಯ ಆರೆಂಜ್ ಬೌಲ್ ಸೇರಿದಂತೆ ದಕ್ಷಿಣದ ರಾಜ್ಯಗಳ ಬೌಲ್‌ಗಳಲ್ಲಿ ಬಿಳಿಯರು, ಕರಿಯರು ಒಟ್ಟಿಗೆ ಆಡೋದು ಬೇಡ ಅನ್ನುವ ಒಳಒಪ್ಪಂದವಿತ್ತು. ಬೌಲ್‌ಗೆ ಹೋಗಬಹುದು, ಆದರೆ ಆ ಇಬ್ಬರನ್ನು ಬಿಟ್ಟು ಹೋಗಬೇಕು ಎಂಬ ಷರತ್ತು ತಮ್ಮ ಮುಂದೆ ಬಂತು ಅಂತ ಆಟಗಾರರು ಮುಂದೆ ಹೇಳಿಕೊಂಡಿದ್ದಾರೆ. ತಂಡ ಒಪ್ಪಲಿಲ್ಲ. ಆ ಬಿಳಿಯ ಹುಡುಗರಲ್ಲಿ ಜಿನೊ ಮಾರ್ಕೆಟಿಯಂಥವರು ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಬಂದವರು.

ಹೊರಗೆ ಕೊಟ್ಟ ಕಾರಣ ಮಾತ್ರ ಬೇರೆ: ಇವರ ಎದುರಾಳಿಗಳು ದುರ್ಬಲ, ‘ವೇಳಾಪಟ್ಟಿ ಸುಲಭ’.

ಪ್ರಾಮಾಣಿಕವಾಗಿ ಹೇಳೋದಾದ್ರೆ ಈ ಮಾತು ಪೂರ್ತಿ ಸುಳ್ಳೂ ಅಲ್ಲ. ಸ್ಯಾನ್ ಹೋಸೆ ಸ್ಟೇಟ್ ಜೊತೆ ಎರಡು ಸಲ ಆಡಿದ್ದರು, ಸೇನಾ ನೆಲೆಗಳ ತಂಡಗಳೂ ಪಟ್ಟಿಯಲ್ಲಿದ್ದವು. ಎಪಿ ರ‍್ಯಾಂಕಿಂಗ್‌ನಲ್ಲಿ ಸಿಕ್ಕಿದ್ದು 14ನೇ ಸ್ಥಾನ. ಆದರೆ ಒಂದು ಪ್ರಶ್ನೆ ಕೇಳಿ ನೋಡಿ. ಸಮಸ್ಯೆ ವೇಳಾಪಟ್ಟಿಯದ್ದೇ ಆಗಿದ್ರೆ, ಇಬ್ಬರನ್ನು ಮನೆಯಲ್ಲಿ ಬಿಟ್ಟು ಬಂದರೆ ಅದು ಹೇಗೆ ಸರಿಹೋಗುತ್ತೆ? ತಂಡದ ಅತ್ಯುತ್ತಮ ಓಟಗಾರನೇ ಇಲ್ಲದಿದ್ದರೆ ತಂಡ ಇನ್ನೂ ದುರ್ಬಲ ಆಗಬೇಕಲ್ವಾ?

‘ಮೆರಿಟ್’ ಅನ್ನೋ ಪದ ಕೇಳಿದಾಗಲೆಲ್ಲ ನನಗೆ ಈ ಪ್ರಶ್ನೆ ನೆನಪಾಗುತ್ತೆ. ಇಂಜಿನಿಯರಿಂಗ್ ಕೊನೆಯ ವರ್ಷ, ಕ್ಯಾಂಪಸ್ ಪ್ಲೇಸ್‌ಮೆಂಟ್‌ನಲ್ಲಿ ಕೋಡಿಂಗ್ ಟೆಸ್ಟ್‌ನಲ್ಲಿ ಎಲ್ಲರಿಗಿಂತ ಮುಂದಿದ್ದ ನನ್ನ ಗೆಳೆಯ ಕೊನೆಯ ಸುತ್ತಿನಲ್ಲಿ ಹೊರಬಿದ್ದ. ಕಾರಣ ‘ಕಲ್ಚರ್ ಫಿಟ್’. ಅದರ ಅರ್ಥವನ್ನು ಅವನಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಅಂಕಕ್ಕೆ ಲೆಕ್ಕ ಇರುತ್ತೆ, ವಿವೇಚನೆಗೆ ಇರಲ್ಲ.

1952ರ ಜನವರಿ 1ರಂದು ಆರೆಂಜ್ ಬೌಲ್‌ನಲ್ಲಿ ಆಡಿದ್ದು ಜಾರ್ಜಿಯಾ ಟೆಕ್ ಮತ್ತು ಬೇಲರ್. ಎರಡೂ ದಕ್ಷಿಣದವು, ಎರಡರಲ್ಲೂ ಬರೀ ಬಿಳಿಯರು. ಅತ್ತ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯ ನಷ್ಟ ತಾಳಲಾರದೆ ಫುಟ್‌ಬಾಲ್ ತಂಡವನ್ನೇ ಮುಚ್ಚಿತು. ನ್ಯಾಯದ ಪರ ನಿಂತವರ ಕಥೆ ಹೇಳುವಾಗ ಈ ಬಿಲ್ಲನ್ನು ನಾವು ಸಾಮಾನ್ಯವಾಗಿ ಬಿಟ್ಟುಬಿಡ್ತೀವಿ.

‘ದುರ್ಬಲ ವೇಳಾಪಟ್ಟಿ’ಯ ಆ ತಂಡದಿಂದ ಒಂಬತ್ತು ಮಂದಿ ಎನ್‌ಎಫ್‌ಎಲ್‌ಗೆ ಹೋದರು. ಮ್ಯಾಟ್ಸನ್, ಮಾರ್ಕೆಟಿ, ಬಾಬ್ ಸೇಂಟ್ ಕ್ಲೇರ್ ಮೂವರೂ ಹಾಲ್ ಆಫ್ ಫೇಮ್ ಸೇರಿದರು. ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಓಡಿ ಎರಡು ಪದಕವನ್ನೂ ತಂದ. ಮೊಣಕಾಲಿನ ಗಾಯದಿಂದ ಟೋಲರ್‌ಗೆ ವೃತ್ತಿಪರ ಆಟ ದಕ್ಕಲಿಲ್ಲ. ಅವರು ಶಾಲೆಯ ಪ್ರಿನ್ಸಿಪಾಲ್ ಆದರು, 1965ರಲ್ಲಿ ಎನ್‌ಎಫ್‌ಎಲ್‌ನ ಮೊದಲ ಕಪ್ಪು ಅಂಪೈರಿಂಗ್ ಅಧಿಕಾರಿಯೂ ಆದರು. ಆಗ ಲೀಗಿನ ಕಮಿಷನರ್ ಆಗಿದ್ದ ಪೀಟ್ ರೋಝೆಲ್ 1951ರಲ್ಲಿ ಇದೇ ಡಾನ್ಸ್ ತಂಡದ ಪ್ರಚಾರದ ಕೆಲಸ ನೋಡಿಕೊಳ್ಳುತ್ತಿದ್ದರು.

ಆ ವಿಶ್ವವಿದ್ಯಾಲಯದ ಒಂದು ಹಾಸ್ಟೆಲ್‌ಗೆ ಜೇಮ್ಸ್ ಫೀಲನ್ ಹೆಸರಿತ್ತು. ‘ಕ್ಯಾಲಿಫೋರ್ನಿಯಾ ಬಿಳಿಯರದ್ದಾಗೇ ಇರಲಿ’ ಅಂತ 1920ರಲ್ಲಿ ಏಷ್ಯಾದ ವಲಸಿಗರ ವಿರುದ್ಧ ಮತ ಕೇಳಿದ್ದ ಸೆನೆಟರ್ ಆತ. ವಿದ್ಯಾರ್ಥಿಗಳು ಬೇಡ ಅಂದರು. 2017ರಲ್ಲಿ ಅದಕ್ಕೆ ಬರ್ಲ್ ಟೋಲರ್ ಹೆಸರಿಟ್ಟರು.