ಮಹಡಿಯ ಮೇಲೊಂದು ಪುಟ್ಟ ಕೆರೆ

ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಏನು ಕೊಡಿಸುತ್ತೀರಿ ಎಂದು ಕೇಳುವ ಮಕ್ಕಳ ಪಟ್ಟಿಯಲ್ಲಿ ಸೈಕಲ್ಲು, ಮೊಬೈಲುಗಳ ಜೊತೆಗೆ ಮೀನಿನ ತೊಟ್ಟಿಯೂ ಇರುತ್ತದೆ. ಸೈಕಲ್ಲಾದರೆ ಅಂಗಡಿಯಿಂದಲೇ ತುಳಿದುಕೊಂಡು ಬರಬಹುದು. ನಾಲ್ಕಡಿ ಉದ್ದದ ತೊಟ್ಟಿಯನ್ನು ಎರಡನೇ ಮಹಡಿಯ ಮನೆಗೆ ತರಬೇಕಾದರೆ ಮಾತ್ರ ಅಪ್ಪ, ಮಗ ಇಬ್ಬರೂ ಕೂತು ಮೊದಲು ಒಂದು ಲೆಕ್ಕ ಮಾಡಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಲ್ಲೂ ಈಗ ಕೆಳಗೆ ಅಂಗಡಿ, ಮೇಲೆ ಮನೆ ಎಂಬ ಕಟ್ಟಡಗಳಿವೆ. ಹಾಗಾಗಿ ಈ ಲೆಕ್ಕ ದೊಡ್ಡ ನಗರದವರಿಗೆ ಮಾತ್ರ ಸೇರಿದ್ದಲ್ಲ.

ತೊಟ್ಟಿ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಇದೆ ಎನ್ನಿ. ಒಟ್ಟು 9 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್‌ನಂತೆ ಅಂಚಿನವರೆಗೆ ಸುಮಾರು 255 ಲೀಟರ್ ನೀರು, ಅಂದರೆ 255 ಕಿಲೋ. ಗಾಜು, ತಳದ ಕಲ್ಲುಹರಳು, ಸ್ಟ್ಯಾಂಡು ಸೇರಿದರೆ ಮೂರೂವರೆ ಕ್ವಿಂಟಲ್. ಐವತ್ತು ಕಿಲೋದ ಏಳು ಅಕ್ಕಿ ಮೂಟೆಗಳನ್ನು ಆರು ಚದರಡಿ ಜಾಗದಲ್ಲಿ ಒಟ್ಟಿ, ವರ್ಷಗಟ್ಟಲೆ ತೆಗೆಯದೆ ಬಿಟ್ಟಂತೆ!

ವಾಸದ ಕೋಣೆಗಳ ನೆಲಕ್ಕೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಎಂದರೆ ಸುಮಾರು 200 ಕಿಲೋ ಭಾರವನ್ನು ಲೆಕ್ಕ ಹಿಡಿಯಬೇಕೆಂದು ಭಾರತೀಯ ಮಾನಕ 875 ಹೇಳುತ್ತದೆ. ನಮ್ಮ ತೊಟ್ಟಿಯ ಅಡಿಯಲ್ಲಿ ಅದು 600 ಕಿಲೋ ದಾಟುತ್ತದೆ. ಹಾಗೆಂದು ಛಾವಣಿ ಆ ಕ್ಷಣವೇ ಕುಸಿಯುವುದಿಲ್ಲ. ಒಂದೆಡೆ ಬಿದ್ದ ಭಾರವನ್ನು ಅಕ್ಕಪಕ್ಕದ ಕಬ್ಬಿಣ, ಕಾಂಕ್ರೀಟು ಹಂಚಿಕೊಳ್ಳುತ್ತವೆ. ಆದರೆ ಎಲ್ಲಿ ಇಡುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೆಳಮನೆಯವರನ್ನು ಕೇಳಿ, ಅವರ ಛಾವಣಿಯನ್ನೊಮ್ಮೆ ನೋಡಿ ಬನ್ನಿ. ಕೆಳಗೆ ಭಾರ ಹೊರುವ ಗೋಡೆಯೋ ತೊಲೆಯೋ ಇರುವ ಕಡೆ, ಅದರ ಉದ್ದಕ್ಕೇ ತೊಟ್ಟಿ ಇಡಬೇಕು. ಕೋಣೆಯ ನಡುವೆ ಬೇಡ. ಬಾಲ್ಕನಿಯಲ್ಲಂತೂ ಬೇಡವೇ ಬೇಡ. ಛಾವಣಿ ಜಿನುಗುತ್ತಿದ್ದರೆ, ಕಂಬಿ ಹೊರಗೆ ಕಾಣುತ್ತಿದ್ದರೆ ದೊಡ್ಡ ತೊಟ್ಟಿಯ ಆಸೆಯನ್ನೇ ಬಿಡಿ. ಮಣ್ಣಿನ ಮಾಳಿಗೆಗೂ ಇದೇ ಮಾತು. ಅನುಮಾನವಿದ್ದರೆ ಎಂಜಿನಿಯರಿಗೆ ಮನೆಯ ನಕ್ಷೆ ತೋರಿಸುವುದು ಮೀನಿಗಿಂತ ಮುಂಚಿನ ಖರ್ಚು. ಅಂದಹಾಗೆ, ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಬರೀ 57 ಲೀಟರ್ ಸಾಕು; ಮೊದಲ ಸಲ ಸಾಕುವವರಿಗೆ ಅದೇ ಲೇಸು.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿಯನ್ನು ನೋಡಿದ ಮಕ್ಕಳಿಗೆ ಮುಂದಿನ ಪಾಠ ಸುಲಭ. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡಗಟ್ಟಿದ ಆ ಮಣ್ಣಿನ ಏರಿ ಬುಡದಲ್ಲಿ ಅಗಲವೇಕೆ? ಆಳ ಹೆಚ್ಚಿದಷ್ಟೂ ನೀರಿನ ಒತ್ತಡ ಹೆಚ್ಚು. ನಮ್ಮ ತೊಟ್ಟಿಯ ಮುಂದಿನ ಗಾಜನ್ನು ನೀರು ಸುಮಾರು 120 ಕಿಲೋ ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಎತ್ತರ ಎರಡರಷ್ಟಾದರೆ ಆ ಬಲ ನಾಲ್ಕರಷ್ಟು! ಆದ್ದರಿಂದ ಎತ್ತರದ ತೊಟ್ಟಿಗಿಂತ ಉದ್ದನೆಯ, ತಗ್ಗು ತೊಟ್ಟಿ ಒಳ್ಳೆಯದು. ಮಹಡಿಗೆ ಏರಿಸುವ ಮೊದಲು ಅಂಗಳದ ಸಮತಟ್ಟು ಜಾಗದಲ್ಲಿ ಥರ್ಮೋಕೋಲ್ ಹಾಸಿ, ನೀರು ತುಂಬಿ ಎರಡು ದಿನ ಬಿಟ್ಟು ನೋಡಿ. ಸೋರಿದರೆ ಅಲ್ಲೇ ಸೋರಲಿ. ಎತ್ತುವಾಗ ಒಂದು ಚೊಂಬು ನೀರೂ ಒಳಗಿರಬಾರದು. ಮೇಲೆ ರಸಮಟ್ಟ ಇಟ್ಟು ಸ್ಟ್ಯಾಂಡು ಸರಿ ಮಾಡಿ. ನಾಲ್ಕು ಕಾಲುಗಳ ಮೊನೆಯಲ್ಲೇ ಭಾರ ನಿಲ್ಲದಂತೆ ಅಡಿಗೆ ಗಟ್ಟಿ ಹಲಗೆ ಹಾಕಿ.

ಕರೆಂಟು ಹೋದಾಗ ಇನ್ನೊಂದು ಆಟ ನಡೆಯುತ್ತದೆ. ಗಾಳಿಯ ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಕ್ಯಾನಿನಿಂದ ಪೈಪಿನಲ್ಲಿ ಸೀಮೆಎಣ್ಣೆ ಎಳೆದಂತೆ ತೊಟ್ಟಿಯ ನೀರು ಕೊಳವೆಯಲ್ಲಿ ಹಿಂದಕ್ಕೆ ಇಳಿದು ಪಂಪಿಗೂ ನೆಲಕ್ಕೂ ಹರಿಯಬಹುದು. ಪಂಪನ್ನು ಮೇಲಿಡಿ, ಇಲ್ಲವೇ ಕೊಳವೆಗೆ ಒಮ್ಮುಖ ವಾಲ್ವ್ ಹಾಕಿ. ವೈರು ಪ್ಲಗ್ಗಿಗಿಂತ ಕೆಳಕ್ಕೆ ಜೋತುಬಿದ್ದು ಮತ್ತೆ ಮೇಲೇರಲಿ. ಆಗ ಅದರ ಗುಂಟ ಬಂದ ಹನಿ ಪ್ಲಗ್ಗಿಗೆ ಹೋಗದೆ ಕೆಳಗೇ ತೊಟ್ಟಿಕ್ಕುತ್ತದೆ. 30 ಮಿಲಿ ಆಂಪಿಯರಿನ ಸೋರಿಕೆ ತಡೆ ಸ್ವಿಚ್ಚು ಇರಲೇಬೇಕು. ನೀರಿಗೆ ಕೈ ಹಾಕುವ ಮುನ್ನ ಎಲ್ಲ ಸ್ವಿಚ್ಚೂ ಆರಿಸುವುದನ್ನು ಮಕ್ಕಳಿಗೆ ಮೊದಲ ದಿನವೇ ಕಲಿಸಿ.

ನೀರಿಗೂ ಊರಿನ ಗುಣ ಉಂಟು. ಹೊನ್ನಾಳಿಯಂಥ ತುಂಗಭದ್ರೆಯ ದಡದ ಊರಿನಲ್ಲಿ ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಒಂದು ದಿನ ಬಕೆಟ್ಟಿನಲ್ಲಿ ತೆರೆದಿಟ್ಟು ಬಳಸಿ. ಜಗಳೂರಿನಂಥ ಒಣ ಸೀಮೆಯ ಕೊಳವೆ ಬಾವಿಯ ಗಡಸು ನೀರಿಗೆ ಗಪ್ಪಿ, ಮೊಲ್ಲಿ ಮೀನುಗಳು ಚೆನ್ನಾಗಿ ಹೊಂದುತ್ತವೆ. ಎಲ್ಲಿಯೇ ಆಗಲಿ, ತೊಟ್ಟಿ ತುಂಬಿದ ದಿನವೇ ಮೀನು ಬಿಡುವ ಆತುರ ಬೇಡ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಆಮೇಲೂ ಎರಡು, ಮೂರು ಮೀನಿನಿಂದ ಶುರು ಮಾಡಿ.

ಸಾಕಲಾಗದೆ ಹೋದರೆ? ಮೀನುಗಳನ್ನು ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ಸಾಕುವ ಗೆಳೆಯರಿಗೆ ಕೊಡಿ. ಸೂಳೆಕೆರೆಗೋ ಹೊಳೆಗೋ ಬಿಡಬೇಡಿ. ತೊಟ್ಟಿಯ ಗಾಜು ನೆಕ್ಕಿ ಶುಚಿ ಮಾಡುವ ಸಕ್ಕರ್ ಮೀನು ಕೆರೆಗೆ ಸೇರಿದರೆ ಅಲ್ಲಿನ ಮೀನುಗಳ ಮೇವಿಗೂ ಮೀನುಗಾರರ ಬಲೆಗೂ ಕುತ್ತು.