ಡಿಎನ್‌ಎ ಉಚಿತ, ವಿಮಾನದ ಟಿಕೆಟ್ ಸ್ವಂತದ್ದು: ಐಜೆಮ್ ತಂಡಗಳ ಪ್ರಾಯೋಜಕರ ಲೆಕ್ಕ

ಬೆಂಗಳೂರು: ಮುಂಗಾರಿನ ಮೊದಲ ಹನಿ ಬಿದ್ದೊಡನೆ ನೆಲದಿಂದ ಏಳುವ ಮಣ್ಣಿನ ಕಂಪಿಗೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ರಾಸಾಯನಿಕ. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಕುಲದ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ. ಇದೇ ಕಂಪನ್ನು ಪ್ರಯೋಗಾಲಯದ ಇ-ಕೊಲೈ ಬ್ಯಾಕ್ಟೀರಿಯಾದಿಂದ ಹೊಮ್ಮಿಸುವ ಯೋಜನೆ ಹಿಡಿದು ಬೆಂಗಳೂರಿನ ಸೃಷ್ಟಿ ಕಲೆ ಮತ್ತು ವಿನ್ಯಾಸ ಶಾಲೆಯ ವಿದ್ಯಾರ್ಥಿಗಳ ತಂಡವೊಂದು 2009ರಲ್ಲಿ ಅಮೆರಿಕದ ಎಂಐಟಿಗೆ ಹೋಗಿತ್ತು. ಚಿತ್ರ, ವಿನ್ಯಾಸ ಕಲಿಯುತ್ತಿದ್ದ ಮಕ್ಕಳು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ನೆರವಿನಿಂದ ವಂಶವಾಹಿ ಜೋಡಿಸುವ ಕೆಲಸಕ್ಕೆ ಕೈಹಾಕಿದ್ದರು.

ಅವರು ಹೋಗಿದ್ದು ಐಜೆಮ್ ಸ್ಪರ್ಧೆಗೆ. ಇಂಟರ್‌ನ್ಯಾಷನಲ್ ಜೆನೆಟಿಕಲಿ ಎಂಜಿನಿಯರ್ಡ್ ಮೆಷಿನ್ ಎಂಬುದು ಅದರ ಪೂರ್ಣ ಹೆಸರು. 2003ರ ಜನವರಿಯಲ್ಲಿ ಎಂಐಟಿಯ ಒಂದು ಕಿರು ತರಗತಿಯಾಗಿ ಆರಂಭವಾದ ಇದು ಮರುವರ್ಷ ಐದು ತಂಡಗಳ ಸ್ಪರ್ಧೆಯಾಯಿತು. 2006ರಲ್ಲಿ 32 ತಂಡಗಳು ಬಂದವು. ಎನ್‌ಸಿಬಿಎಸ್‌ನ ತಂಡವೂ ಅವುಗಳಲ್ಲಿತ್ತು. 2009ಕ್ಕೆ ತಂಡಗಳ ಸಂಖ್ಯೆ ನೂರನ್ನು ದಾಟಿತು, ನಂತರದ ದಶಕದಲ್ಲಿ ಮುನ್ನೂರನ್ನೂ ಮೀರಿತು. 2012ರಲ್ಲಿ ಸ್ಪರ್ಧೆ ಎಂಐಟಿಯಿಂದ ಬೇರ್ಪಟ್ಟು ಸ್ವತಂತ್ರ ಪ್ರತಿಷ್ಠಾನದ ಕೈಗೆ ಬಂತು. 2022ರಿಂದ ಅಂತಿಮ ಸಮಾವೇಶ ಪ್ಯಾರಿಸ್‌ನಲ್ಲಿ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳೂ ಹಲವು ಬಾರಿ ಇದರಲ್ಲಿ ಪಾಲ್ಗೊಂಡಿದ್ದಾರೆ.

ಸಂಶ್ಲೇಷಿತ ಜೀವವಿಜ್ಞಾನ, ಅಂದರೆ ಸಿಂಥೆಟಿಕ್ ಬಯಾಲಜಿ, ವಂಶವಾಹಿಗಳನ್ನು ಯಂತ್ರದ ಬಿಡಿಭಾಗಗಳಂತೆ ಕಾಣುವ ಶಾಸ್ತ್ರ. ಒಂದು ಜೀವಿಯಿಂದ ಸ್ವಿಚ್ಚು, ಇನ್ನೊಂದರಿಂದ ದೀಪ ತಂದು ಬ್ಯಾಕ್ಟೀರಿಯಾದೊಳಗೆ ಜೋಡಿಸಿದಂತೆ ಎನ್ನಬಹುದು. ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2006ರಲ್ಲಿ ಇಂಥದ್ದೇ ಜೋಡಣೆಯಿಂದ, ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಇದ್ದರೆ ಆಮ್ಲೀಯತೆಯ ಬದಲಾವಣೆಯ ಮೂಲಕ ಸುಳಿವು ಕೊಡುವ ಬ್ಯಾಕ್ಟೀರಿಯಾ ರೂಪಿಸಿದ್ದರು. ಬಾಂಗ್ಲಾದೇಶ, ಪಶ್ಚಿಮ ಬಂಗಾಳದ ಕೊಳವೆಬಾವಿಗಳ ಸಮಸ್ಯೆ ಅವರ ಕಣ್ಣಮುಂದಿತ್ತು. ನಮ್ಮ ರಾಯಚೂರು, ಯಾದಗಿರಿ ಜಿಲ್ಲೆಗಳ ಕೆಲವು ಹಳ್ಳಿಗಳ ನೀರಿನಲ್ಲೂ ಆರ್ಸೆನಿಕ್ ಕಂಡುಬಂದಿದೆ. ಆ ಕಲ್ಪನೆಯನ್ನು ಬೇರೆ ಸಂಶೋಧಕರು ಮುಂದುವರಿಸಿದರು. ವೆಲ್‌ಕಮ್ ಟ್ರಸ್ಟ್‌ನ ನೆರವೂ ಅದಕ್ಕೆ ದೊರೆಯಿತು. ಬೇಸಿಗೆ ರಜೆಯ ವಿದ್ಯಾರ್ಥಿ ಪ್ರಯೋಗವೊಂದು ಇಷ್ಟು ದೂರ ಸಾಗಿದ್ದು ಅಪರೂಪವೇ.

ಖರ್ಚು ಎಷ್ಟು?

ಇಷ್ಟಕ್ಕೆಲ್ಲ ಹಣ ಎಲ್ಲಿಂದ ಬರುತ್ತದೆ? ಕಳೆದ ದಶಕದ ಕೊನೆಯ ವೇಳೆಗೆ ಒಂದು ತಂಡದ ನೋಂದಣಿ ಶುಲ್ಕವೇ 5,000 ಡಾಲರ್ ಆಸುಪಾಸಿನಲ್ಲಿತ್ತು. ಸಮಾವೇಶಕ್ಕೆ ಹೋಗುವ ಪ್ರತಿಯೊಬ್ಬರೂ ಸುಮಾರು 700 ಡಾಲರ್ ಬೇರೆ ಕಟ್ಟಬೇಕಿತ್ತು. ಆ ದರವನ್ನೇ ಇಟ್ಟುಕೊಂಡರೂ ಹತ್ತು ಮಂದಿಯ ತಂಡ ವಿಮಾನ ಹತ್ತುವ ಮೊದಲೇ ಹತ್ತು ಲಕ್ಷ ರೂಪಾಯಿ ಎಣಿಸಬೇಕು. ವಿಮಾನದ ಟಿಕೆಟ್, ವೀಸಾ, ವಸತಿ ಇದರಲ್ಲಿ ಸೇರಿಲ್ಲ. ಪ್ರಯೋಗದ ಸಾಮಗ್ರಿಯೂ ಸೇರಿಲ್ಲ.

ಕೊನೆಯದರಲ್ಲಿ ಮಾತ್ರ ಕಂಪನಿಗಳು ಧಾರಾಳಿಗಳು. ಕೃತಕ ಡಿಎನ್‌ಎ ತಯಾರಿಸುವ ಐಡಿಟಿ ಎಂಬ ಅಮೆರಿಕನ್ ಕಂಪನಿ ಕೆಲವು ವರ್ಷ ಪ್ರತಿ ತಂಡಕ್ಕೆ 20,000 ಅಕ್ಷರಗಳಷ್ಟು ಡಿಎನ್‌ಎಯನ್ನು ಉಚಿತವಾಗಿ ಕೊಟ್ಟಿತು. ಟ್ವಿಸ್ಟ್ ಬಯೋಸೈನ್ಸ್ ಕೂಡ 10,000 ಅಕ್ಷರಗಳ ಕೊಡುಗೆ ನೀಡಿತ್ತು. ನ್ಯೂ ಇಂಗ್ಲೆಂಡ್ ಬಯೋಲ್ಯಾಬ್ಸ್ ಡಿಎನ್‌ಎ ಕತ್ತರಿಸಿ ಅಂಟಿಸುವ ಕಿಣ್ವಗಳನ್ನು, ಮ್ಯಾಥ್‌ವರ್ಕ್ಸ್ ಮತ್ತು ಬೆಂಚ್‌ಲಿಂಗ್ ತಮ್ಮ ತಂತ್ರಾಂಶಗಳನ್ನು ಒದಗಿಸಿವೆ. ತಂಡಗಳೂ ಸ್ವತಃ ಪತ್ರ ಬರೆದು, ಚಿನ್ನ, ಬೆಳ್ಳಿ, ಕಂಚು ಎಂದು ದರ್ಜೆ ನಿಗದಿಪಡಿಸಿ, ಕೊಟ್ಟಷ್ಟಕ್ಕೆ ತಕ್ಕಂತೆ ಅಂಗಿಯ ಬೆನ್ನಿನ ಮೇಲೆ ಕಂಪನಿಯ ಲಾಂಛನ ಅಚ್ಚು ಹಾಕಿಸುತ್ತವೆ.

ಈಗ ಕೊಟ್ಟವರ ಲೆಕ್ಕ ನೋಡೋಣ. ಎರಡು ದಶಕಗಳ ಹಿಂದೆ ಕೃತಕ ಡಿಎನ್‌ಎಯ ಒಂದು ಅಕ್ಷರಕ್ಕೆ ಡಾಲರಿಗೂ ಮಿಗಿಲಾದ ಬೆಲೆಯಿತ್ತು. ಈಗ ಅದು ಹತ್ತು ಸೆಂಟ್‌ಗಳ ಆಸುಪಾಸಿಗೆ ಇಳಿದಿದೆ. ಅಂದರೆ 10,000 ಅಕ್ಷರಗಳ ಕೊಡುಗೆಯ ಮಾರುಕಟ್ಟೆ ಬೆಲೆ ಸುಮಾರು ಒಂದು ಸಾವಿರ ಡಾಲರ್. ತಯಾರಕರಿಗೆ ತಗಲುವ ವೆಚ್ಚ ಇನ್ನೂ ಕಡಿಮೆ. ಪ್ರತಿಯಾಗಿ ಅವರಿಗೆ ಸಿಗುವುದು, ನಾಳೆ ಪ್ರಯೋಗಾಲಯಗಳನ್ನು ನಡೆಸಲಿರುವ ಸಾವಿರಾರು ಯುವಕ ಯುವತಿಯರ ಕೈ ತಮ್ಮ ಸಾಮಗ್ರಿಗೆ, ತಮ್ಮ ತಂತ್ರಾಂಶಕ್ಕೆ ಒಗ್ಗಿಕೊಳ್ಳುವ ಅವಕಾಶ. ಎಂಐಟಿಯಲ್ಲಿ ಐಜೆಮ್‌ನ ಆರಂಭದ ದಿನಗಳಲ್ಲಿ ತೊಡಗಿದ್ದವರೇ 2008ರಲ್ಲಿ ಗಿಂಕೊ ಬಯೋವರ್ಕ್ಸ್ ಕಂಪನಿ ಕಟ್ಟಿದರು ಎಂಬುದನ್ನು ನೆನೆದರೆ, ಈ ಸಮಾವೇಶ ನೌಕರಿ ಸಂತೆಯೂ ಹೌದು ಎನ್ನುವುದು ಅರ್ಥವಾಗುತ್ತದೆ. ಇದನ್ನು ವಂಚನೆ ಎನ್ನುವಂತಿಲ್ಲ, ದಾನ ಎನ್ನುವುದೂ ಸರಿಯಲ್ಲ.

ಎಲ್ಲ ಪ್ರಾಯೋಜಕರೂ ವ್ಯಾಪಾರಿಗಳಲ್ಲ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2009ರಿಂದ ಐಜೆಮ್‌ನೊಂದಿಗೆ ನಂಟು ಬೆಳೆಸಿತು. ಅಪಾಯಕಾರಿ ರೋಗಾಣು ತಯಾರಿಸುವ ಕೌಶಲ ಯಾರ ಕೈಗಾದರೂ ಸಿಕ್ಕೀತೆಂಬ ಆತಂಕವಿದ್ದ ಸಂಸ್ಥೆಗೆ, ಆ ಕೌಶಲ ಕಲಿಯುತ್ತಿರುವವರ ಪರಿಚಯವೇ ಲಾಭ.

ಹಣ ಕೊಟ್ಟವರು ಫಲಿತಾಂಶದ ಮೇಲೆ ಹಕ್ಕು ಕೇಳಿದರೆ? ಐಜೆಮ್‌ನಲ್ಲಿ ತಂಡಗಳು ತಮ್ಮ ಕೆಲಸವನ್ನು ಅಂತರ್ಜಾಲ ಪುಟದಲ್ಲಿ ಎಲ್ಲರಿಗೂ ತೆರೆದಿಡಬೇಕು. ಯಾವ ಕೆಲಸ ವಿದ್ಯಾರ್ಥಿಗಳದ್ದು, ಯಾವುದರಲ್ಲಿ ಹೊರಗಿನವರ ನೆರವಿತ್ತು ಎಂದು ಬರೆಯುವುದು ಪದಕಕ್ಕೆ ಕಡ್ಡಾಯ. ಹೀಗೆ ಬಹಿರಂಗವಾದ ಮೇಲೆ ಹಕ್ಕುಸ್ವಾಮ್ಯ ಪಡೆಯುವುದು ಕಷ್ಟ. ಗುಟ್ಟು ಕಾಯ್ದುಕೊಳ್ಳಬಯಸುವ ಪ್ರಾಯೋಜಕನಿಗೂ ಈ ಸ್ಪರ್ಧೆಗೂ ಹೊಂದಾಣಿಕೆಯಾಗದು. ಆದ್ದರಿಂದ ಹಣ ಬಂದ ಮೇಲೆ ಅಲ್ಲ, ಪತ್ರ ಬರೆಯುವಾಗಲೇ ಈ ಮಾತನ್ನು ಸ್ಪಷ್ಟಪಡಿಸುವುದು ಒಳಿತು.

ಇಲ್ಲಿನ ತೊಡಕುಗಳು

ಭಾರತದ ತಂಡಗಳಿಗೆ ಮೇಲಿನ ಉಚಿತ ಸಾಮಗ್ರಿಯೂ ಪೂರ್ತಿ ಉಚಿತವಲ್ಲ. ಹಲವು ಕಿಣ್ವಗಳನ್ನು ಮೈನಸ್ 20 ಡಿಗ್ರಿಯಲ್ಲಿ ಇಡಬೇಕು. ವಿಮಾನ ನಿಲ್ದಾಣದ ಸುಂಕದ ಕಟ್ಟೆಯಲ್ಲಿ ಪೆಟ್ಟಿಗೆ ಕಾದಷ್ಟೂ ಅದರೊಳಗಿನ ಮಂಜು ಕರಗುತ್ತದೆ. ಸುಂಕವನ್ನಂತೂ ಊಹಿಸುವಂತಿಲ್ಲ: 2024ರ ಜುಲೈ ಬಜೆಟ್‌ನಲ್ಲಿ ಪ್ರಯೋಗಾಲಯ ರಾಸಾಯನಿಕಗಳ ಆಮದು ಸುಂಕ ಶೇ 10ರಿಂದ ಶೇ 150ಕ್ಕೆ ಜಿಗಿದು, ವಿಜ್ಞಾನಿಗಳ ಆಕ್ಷೇಪದ ನಂತರ ಕೆಲವೇ ದಿನಗಳಲ್ಲಿ ಹಿಂದಿನ ಮಟ್ಟಕ್ಕೆ ಇಳಿಯಿತು. ವಿದೇಶಿ ಕಂಪನಿ ನಗದು ಕೊಡಲು ಮುಂದಾದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯನ್ನು ಗಮನಿಸಬೇಕು. ತಳಿ ಮಾರ್ಪಾಡಿನ ಪ್ರಯೋಗಕ್ಕೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಕಣ್ಗಾವಲು ಬೇಕೇ ಬೇಕು.

ನೆರವಿನ ದಾರಿಗಳೂ ಇಲ್ಲದಿಲ್ಲ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2016ರಲ್ಲಿ ದೇಶದೊಳಗೇ ಸ್ಪರ್ಧೆ ಏರ್ಪಡಿಸಿ, ಆಯ್ಕೆಯಾದ ತಂಡಗಳಿಗೆ ಐಜೆಮ್‌ಗೆ ಹೋಗಲು ಧನಸಹಾಯ ನೀಡುವ ಕ್ರಮ ಆರಂಭಿಸಿತ್ತು. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು. ಸರ್ಕಾರಿ ಅನುದಾನಿತ ವಿಶ್ವವಿದ್ಯಾಲಯಗಳ ಸಂಶೋಧನೆಗೂ ಈ ಹಣ ಸಲ್ಲಬಹುದು. ಬಯೋಟೆಕ್ ಕಂಪನಿಗಳು ಕಿಕ್ಕಿರಿದಿರುವ ಬೆಂಗಳೂರಿನಲ್ಲಿ ಇಂಥ ಪ್ರಾಯೋಜಕರನ್ನು ಹುಡುಕಲು ದೂರ ಹೋಗಬೇಕಿಲ್ಲ.

ಆದರೆ ಕಾಲ ಕಾಯುವುದಿಲ್ಲ. ಐಜೆಮ್ ತಂಡಗಳ ನೋಂದಣಿ ವರ್ಷದ ಮೊದಲಾರ್ಧದಲ್ಲೇ ನಡೆಯುತ್ತದೆ, ಪ್ಯಾರಿಸ್ ಸಮಾವೇಶ ಶರತ್ಕಾಲದಲ್ಲಿ. ಕಂಪನಿಗಳ ಹೊಣೆಗಾರಿಕೆ ನಿಧಿಯ ಲೆಕ್ಕ ಮಾರ್ಚ್ ಕೊನೆಗೆ ಮುಗಿಯುತ್ತದೆ. ಪ್ರಯೋಗ ಕೈಗೂಡಿದ ಮೇಲೆ ಹಣ ಕೇಳೋಣವೆಂದು ಕುಳಿತ ತಂಡಕ್ಕೆ ಆ ವೇಳೆಗೆ ಎರಡೂ ಬಾಗಿಲು ಮುಚ್ಚಿರುತ್ತವೆ.