ಒಂದು ಕತ್ತರಿ, ಎರಡು ಹೆಸರು, ಅಮ್ಮನ ಕೆಮ್ಮು

ಹೋದ ಡಿಸೆಂಬರಿನಲ್ಲಿ ಅಮ್ಮ ತೀರ್ಥಹಳ್ಳಿಯಿಂದ ನಮ್ಮ ನ್ಯೂ ಟೌನ್ ಫ್ಲ್ಯಾಟಿಗೆ ಬಂದಳು. ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿ, ಎರಡು ಕೆಜಿ ಕಾಫಿಪುಡಿ ಮತ್ತು ಒಂದು ಒಣಕೆಮ್ಮು. ಕಫ ಇಲ್ಲ, ಜ್ವರ ಇಲ್ಲ. ರಾತ್ರಿ ಮಲಗಿದರೆ ಖೊಕ್ ಖೊಕ್ ಶುರು. ಎದುರುಮನೆಯ ಕಾಕಿಮಾ ನೋಡಿದವರೇ ‘ಠಾಂಡಾ ಲೇಗೇಛೆ’ ಎಂದು ತೀರ್ಪು ಕೊಟ್ಟು, ಅಮ್ಮನ ತಲೆಗೊಂದು ಮಂಕಿ ಕ್ಯಾಪ್ ಹಾಕಿಸಿಯೇ ಬಿಟ್ಟರು. ನಾನು ರಾಜಾರಹಾಟ್ ಕಡೆಯ ಕಟ್ಟಡಗಳ ಧೂಳನ್ನು ಬೈದೆ. ಶುಂಠಿ ಕಷಾಯ, ಜೇನು, ಹಬೆ, ಸಿರಪ್ಪು ಎಲ್ಲ ಆಯಿತು. ಕೆಮ್ಮು ಮಾತ್ರ ಜಗ್ಗಲಿಲ್ಲ.

ಒಂದು ರಾತ್ರಿ ಅಮ್ಮನೇ ಹೇಳಿದಳು: “ಇದು ನಿಮ್ಮ ಕಲ್ಕತ್ತಾದ ಧೂಳಲ್ಲ ಮಾರಾಯ. ಊರಲ್ಲೇ ಶುರುವಾಗಿತ್ತು, ದೀಪಾವಳಿ ಹೊತ್ತಿಗೆ.”

ದೀಪಾವಳಿಗೆ ಸ್ವಲ್ಪ ಮುಂಚೆ ಇನ್ನೇನು ಬದಲಾಗಿತ್ತು? ಬಿಪಿ ಮಾತ್ರೆ. ಡಬ್ಬಿ ತೆಗೆದು ನೋಡಿದೆ: ಎನಾಲಪ್ರಿಲ್. ಆಫೀಸಿನಲ್ಲಿ ಸರ್ವರ್ ಕೆಟ್ಟಾಗಲೂ ನಾವು ಮೊದಲು ಕೇಳುವುದು ‘ಕೊನೆಗೆ ಏನು ಬದಲಾಯಿಸಿದಿರಿ’ ಎಂದೇ ಅಲ್ಲವೇ? ಲ್ಯಾಪ್‌ಟಾಪ್ ಬಿಚ್ಚಿದೆ. ಈ ಮಾತ್ರೆ ಎಸಿಇ ಎಂಬ ಕಿಣ್ವವನ್ನು ತಡೆಯುತ್ತದೆ ಎಂದು ತಿಳಿಯಿತು. ಆ ಕಿಣ್ವದ ಬೆನ್ನು ಹತ್ತಿ ಹೋದವನು ತಲುಪಿದ್ದು ಮೆರಾಪ್ಸ್ ಎಂಬ ಡೇಟಾಬೇಸಿಗೆ.

ಪರಂಗಿಕಾಯಿಯ ನೆಂಟರು

ಮೆರಾಪ್ಸ್ ಅಂದರೆ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳ ವಂಶಾವಳಿ. ನೀಲ್ ರಾಲಿಂಗ್ಸ್ ಮತ್ತು ಅಲನ್ ಬ್ಯಾರೆಟ್ ಎಂಬ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು 1996ರಲ್ಲಿ ಅದನ್ನು ಶುರು ಮಾಡಿದರು. ಯಾರು ಬೇಕಾದರೂ ಉಚಿತವಾಗಿ ನೋಡಬಹುದು.

ಇಂಥ ಕಿಣ್ವಗಳು ನಮಗೆ ಹೊಸವಲ್ಲ. ಇಲ್ಲಿನ ಬಂಗಾಳಿ ಮನೆಗಳಲ್ಲಿ ಮಟನ್ ಮೆತ್ತಗಾಗಲೆಂದು ಹಸಿ ಪರಂಗಿಕಾಯಿ ಅರೆದು ಹಚ್ಚುತ್ತಾರೆ. ಕೆಲಸ ಮಾಡುವುದು ಅದರ ಹಾಲಿನಲ್ಲಿರುವ ಪಪೇನ್ ಎಂಬ ಕತ್ತರಿ. ಮೆರಾಪ್ಸ್‌ನಲ್ಲಿ ಪಪೇನ್ ಇರುವುದು ಸಿ1 ಎಂಬ ಕುಟುಂಬದಲ್ಲಿ. ಅನಾನಸಿನ ಬ್ರೋಮೆಲೇನ್ ಕೂಡ ಅಲ್ಲಿಯೇ. ಇನ್ನೂ ಸೋಜಿಗವೆಂದರೆ, ನಮ್ಮದೇ ಜೀವಕೋಶಗಳೊಳಗಿನ ಕ್ಯಾಥೆಪ್ಸಿನ್ ಬಿ ಕೂಡ ಅದೇ ಮನೆತನದ್ದು. ತಿನ್ನುವವನ ಮೈಯಲ್ಲೂ ಪರಂಗಿಕಾಯಿಯ ದೂರದ ನೆಂಟನೊಬ್ಬ ಕೂತಿದ್ದಾನೆ!

ಕಿಣ್ವಗಳನ್ನು ಪಟ್ಟಿ ಮಾಡಲು ಇದಕ್ಕಿಂತ ಹಳೆಯ ಪದ್ಧತಿಯೊಂದಿದೆ, ಇಸಿ ನಂಬರ್. ಅದು ಮಾಡುವ ಕೆಲಸ ನೋಡಿ ಸಂಖ್ಯೆ ಕೊಡುತ್ತದೆ. ಎಸಿಇಗೆ 3.4.15.1. ನಮ್ಮ ಕಂಪನಿಗಳ ಡೆಸಿಗ್ನೇಷನ್ ಇದ್ದ ಹಾಗೆ: ಟೆಸ್ಟರ್, ಡೆವಲಪರ್, ಮ್ಯಾನೇಜರ್. ಯಾರ ಮನೆಯವರು, ಎಲ್ಲಿಂದ ಬಂದವರು ಎಂಬುದು ಅದರಲ್ಲಿ ಕಾಣದು. ಮೆರಾಪ್ಸ್ ಕೇಳುವುದೇ ಬೇರೆ ಪ್ರಶ್ನೆ. ಅಮೈನೋ ಆಮ್ಲಗಳ ಸಾಲು ಹೋಲಿದರೆ ಒಂದೇ ಕುಟುಂಬ. ಸಾಲು ಗುರುತು ಸಿಗದಷ್ಟು ಬದಲಾಗಿದ್ದರೂ, ಮೂಲ ಪುರುಷ ಒಬ್ಬನೇ ಎಂದು ಆಕಾರದಂಥ ಕುರುಹುಗಳು ಹೇಳಿದರೆ, ಆ ಕುಟುಂಬಗಳೆಲ್ಲ ಒಂದೇ ಬಳಿ. ನಮ್ಮ ಕಡೆ ಮದುವೆ ಮಾತುಕತೆಯಲ್ಲಿ ಬಳಿ ಕೇಳುತ್ತಾರಲ್ಲ, ಹಾಗೆಯೇ. ಹೆಸರಿನ ಮೊದಲ ಅಕ್ಷರ ಕತ್ತರಿಯ ಅಲಗು ಯಾವುದರದ್ದು ಎಂದು ಹೇಳುತ್ತದೆ: ಎಸ್ ಅಂದರೆ ಸೆರೀನ್, ಸಿ ಅಂದರೆ ಸಿಸ್ಟೀನ್, ಎಂ ಅಂದರೆ ಲೋಹ. ಅಮ್ಮನ ಮಾತ್ರೆ ತಡೆಯುವ ಎಸಿಇ, ಎಂ2 ಕುಟುಂಬದ್ದು. ಅದರ ಅಲಗಿನಲ್ಲಿರುವುದು ಸತು.

ಒಬ್ಬನೇ ಗಿರಾಕಿ, ಎರಡು ಖಾತೆ

ನನಗೆ ಉತ್ತರ ಸಿಕ್ಕಿದ್ದು ಅದರ ಇನ್ನೊಂದು ಹೆಸರಿನಲ್ಲಿ. ಬ್ಯಾಂಕಿನ ಪ್ರಾಜೆಕ್ಟಿನಲ್ಲಿ ದುಡಿದವರಿಗೆ ಈ ಗೋಳು ಗೊತ್ತು: ಒಬ್ಬನೇ ಗಿರಾಕಿಗೆ ಎರಡು ಐಡಿ. ಈ ಕಿಣ್ವಕ್ಕೂ ಹಾಗೇ ಆಗಿತ್ತು. 1956ರಲ್ಲಿ ಲಿಯೊನಾರ್ಡ್ ಸ್ಕೆಗ್ಸ್ ತಂಡ ರಕ್ತದೊತ್ತಡದ ಹಿಂದೆ ಬಿದ್ದು ಇದನ್ನು ಗುರುತಿಸಿತು. ಹತ್ತು ಕೊಂಡಿಯ ಆಂಜಿಯೊಟೆನ್ಸಿನ್ 1ರ ಬಾಲದಿಂದ ಎರಡು ಕೊಂಡಿ ಕತ್ತರಿಸಿ, ರಕ್ತನಾಳ ಬಿಗಿಯುವ ಆಂಜಿಯೊಟೆನ್ಸಿನ್ 2 ಮಾಡುವ ಕಿಣ್ವ. ಹಾಗಾಗಿ ‘ಆಂಜಿಯೊಟೆನ್ಸಿನ್ ಕನ್ವರ್ಟಿಂಗ್ ಎಂಜೈಮ್’ ಎಂಬ ಹೆಸರು. ಅತ್ತ ಬೇರೆಯವರು ಬ್ರ್ಯಾಡಿಕೈನಿನ್ ಎಂಬ ಒಂಬತ್ತು ಕೊಂಡಿಯ ಸರವನ್ನು ತುಂಡರಿಸುವ ಕಿಣ್ವವೊಂದನ್ನು ಕಂಡು ಅದಕ್ಕೆ ‘ಕೈನಿನೇಸ್ 2’ ಎಂದು ಹೆಸರಿಟ್ಟಿದ್ದರು. ಎರಡೂ ಒಂದೇ ಎಂದು ಎರ್ಡೋಶ್ ಮತ್ತು ಸಂಗಡಿಗರು ತೋರಿಸಿದ್ದು 1970ರಲ್ಲಿ.

ಕೆಮ್ಮಿನ ಗುಟ್ಟು ಇರುವುದು ಇಲ್ಲೇ. ಮಾತ್ರೆ ಕತ್ತರಿಯನ್ನು ಕಟ್ಟಿಹಾಕಿದಾಗ ಮೊದಲ ಕೆಲಸ ನಿಂತು ಬಿಪಿ ಇಳಿಯುತ್ತದೆ. ಎರಡನೆಯ ಕೆಲಸವೂ ನಿಲ್ಲುತ್ತದೆ. ತುಂಡಾಗಬೇಕಿದ್ದ ಬ್ರ್ಯಾಡಿಕೈನಿನ್ ಉಳಿದುಕೊಂಡು ಶ್ವಾಸನಾಳದ ನರಗಳನ್ನು ಕೆರಳಿಸುತ್ತದೆ. ಒಣಕೆಮ್ಮಿಗೆ ಮುಖ್ಯ ಕಾರಣ ಇದೇ ಎಂಬುದು ವೈದ್ಯರ ತಿಳುವಳಿಕೆ. ಎಲ್ಲರಿಗೂ ಬರುವುದಿಲ್ಲ, ಹೆಂಗಸರಿಗೆ ಸ್ವಲ್ಪ ಹೆಚ್ಚು. ಚಾಲ್ತಿಯ ಹೆಸರು ಒಂದು ಕೆಲಸವನ್ನಷ್ಟೇ ಹೇಳುತ್ತದೆ. ಎರಡು ಹೆಸರನ್ನೂ, ಅದು ಕತ್ತರಿಸುವುದೆಲ್ಲವನ್ನೂ ಒಂದೇ ಖಾತೆಯಡಿ ತಂದಿಟ್ಟ ಕಡತ ಉಳಿದದ್ದನ್ನು ಹೇಳಿತು.

ನೆಂಟನಲ್ಲದ ನೆಂಟ

ಈ ಜಾತಿಯ ಮಾತ್ರೆಗಳ ಹುಟ್ಟಿನ ಕಥೆಯೂ ಸ್ವಾರಸ್ಯವಾಗಿದೆ. 1970ರ ದಶಕದಲ್ಲಿ ಸ್ಕ್ವಿಬ್ ಕಂಪನಿಯ ಕುಶ್‌ಮನ್ ಮತ್ತು ಒಂಡೆಟ್ಟಿ ಎಸಿಇಯನ್ನು ತಡೆಯುವ ಮಾತ್ರೆ ಹುಡುಕುತ್ತಿದ್ದರು. ಬ್ರೆಜಿಲ್‌ನ ಹಾವಿನ ವಿಷದಲ್ಲಿದ್ದ ವಸ್ತು ಅದನ್ನು ತಡೆಯುತ್ತಿತ್ತು, ಆದರೆ ಇಂಜೆಕ್ಷನ್ ಆಗಿ ಮಾತ್ರ. ಎಸಿಇಯ ಆಕಾರ ಆಗ ಯಾರಿಗೂ ಗೊತ್ತಿರಲಿಲ್ಲ. ಅವರು ಕಾರ್ಬಾಕ್ಸಿಪೆಪ್ಟಿಡೇಸ್ ಎ ಎಂಬ ಪರಿಚಿತ ಕಿಣ್ವವನ್ನು ಮಾದರಿಯಾಗಿಟ್ಟುಕೊಂಡರು. ಅದರಲ್ಲೂ ಸತು, ಅದೂ ಬಾಲದ ಕಡೆಯಿಂದಲೇ ಕತ್ತರಿಸುವುದು. ಆ ಊಹೆಯಿಂದ ಹುಟ್ಟಿದ ಕ್ಯಾಪ್ಟೋಪ್ರಿಲ್‌ಗೆ 1981ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

2003ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಕೆ. ರವಿ ಆಚಾರ್ಯ, ಆರ್. ನಟೇಶ್ ಮತ್ತು ಸಂಗಡಿಗರು ಎಸಿಇಯ ಆಕಾರವನ್ನು ಬಿಡಿಸಿಟ್ಟರು. ನೋಡಿದರೆ ಅದು ಕಾರ್ಬಾಕ್ಸಿಪೆಪ್ಟಿಡೇಸ್ ಎ ತರಹ ಇಲ್ಲವೇ ಇಲ್ಲ! ಹೋಲಿಕೆ ಇದ್ದದ್ದು ನ್ಯೂರೊಲೈಸಿನ್ ಎಂಬ ಇನ್ನೊಂದಕ್ಕೆ. ಮೆರಾಪ್ಸ್‌ನಲ್ಲಿ ಎಸಿಇ ಮತ್ತು ನ್ಯೂರೊಲೈಸಿನ್ ಎರಡೂ ಎಂಎ ಬಳಿಯವು, ಕಾರ್ಬಾಕ್ಸಿಪೆಪ್ಟಿಡೇಸ್ ಎ ಎಂಸಿ ಬಳಿಯದು. ಕೆಲಸದ ಹೋಲಿಕೆ ಮದ್ದು ಕೊಟ್ಟಿತು, ರಕ್ತಸಂಬಂಧ ಬೇರೆಯೇ ಆಗಿತ್ತು. ಹಾಗಾಗಿ ಎರಡು ಪಟ್ಟಿಯೂ ಬೇಕು.

ಚೀಟಿಯಲ್ಲಿ ಎರಡು ಸಾಲು

ಇಷ್ಟು ಓದಿದ ಮಾತ್ರಕ್ಕೆ ನಾನು ಮಾತ್ರೆ ನಿಲ್ಲಿಸಲಿಲ್ಲ. ಬಿಪಿ ಮಾತ್ರೆ ತಾನಾಗಿ ನಿಲ್ಲಿಸುವುದು ಅಪಾಯ. ದಯವಿಟ್ಟು ನೀವೂ ಮಾಡಬೇಡಿ. ಚೀಟಿಯಲ್ಲಿ ಎರಡೇ ಸಾಲು ಬರೆದುಕೊಂಡು ಇಲ್ಲಿನ ಡಾಕ್ಟರ ಬಳಿ ಹೋದೆವು: ಎನಾಲಪ್ರಿಲ್ ಶುರುವಾದದ್ದು ಯಾವಾಗ, ಕೆಮ್ಮು ಶುರುವಾದದ್ದು ಯಾವಾಗ. ಅವರು ಓದಿ ನಕ್ಕರು, ಎದೆ ಪರೀಕ್ಷಿಸಿದರು, ಟೆಲ್ಮಿಸಾರ್ಟನ್‌ಗೆ ಬದಲಾಯಿಸಿದರು. ಅದು ಕತ್ತರಿಯ ತಂಟೆಗೇ ಹೋಗುವುದಿಲ್ಲ. ಆಂಜಿಯೊಟೆನ್ಸಿನ್ 2 ಹೋಗಿ ಕೂರುವ ಜಾಗವನ್ನು ಮುಚ್ಚುತ್ತದೆ. ಬ್ರ್ಯಾಡಿಕೈನಿನ್ ತನ್ನ ಪಾಡಿಗೆ ತುಂಡಾಗುತ್ತಿರುತ್ತದೆ.

ಮೂರನೆಯ ವಾರಕ್ಕೆ ರಾತ್ರಿ ಮನೆ ನಿಶ್ಶಬ್ದವಾಯಿತು. ಮೊದಲ ದಿನ ನನಗೇ ಗಾಬರಿಯಾಗಿ ಎದ್ದು ಅಮ್ಮನ ಕೋಣೆಗೆ ಇಣುಕಿದೆ. ನಿದ್ದೆ ಹೊಡೆಯುತ್ತಿದ್ದಳು, ತಲೆಗೆ ಮಂಕಿ ಕ್ಯಾಪ್ ಹಾಕಿಕೊಂಡೇ. ಬೆಳಿಗ್ಗೆ ಕಾಕಿಮಾ ಬಂದು ಎಲ್ಲ ತನ್ನ ಟೋಪಿಯ ಮಹಿಮೆ ಎಂದರು. ಅಮ್ಮ ಹೌದೆಂದು ತಲೆಯಾಡಿಸಿದಳು. ನಾನು ವಾದ ಮಾಡಲಿಲ್ಲ.